ಉತ್ಪರಿವರ್ತನೆ ಉಪಕಾರಿಯೋ ಅಪಕಾರಿಯೋ: ನಾನು ಅಳೆದು ನೋಡಿದ ಬಗೆ

ಉತ್ಪರಿವರ್ತನೆಗಳಲ್ಲಿ, ಅಂದರೆ ಜೀವಿಯ ಡಿಎನ್ಎಯಲ್ಲಿ ಆಗುವ ಬದಲಾವಣೆಗಳಲ್ಲಿ, ಉಪಕಾರಿ, ಅಪಕಾರಿ, ತಟಸ್ಥ ಎಂಬ ಮೂರು ಬಗೆಗಳಿವೆ ಎಂದು ಓದಿಕೊಂಡೇ ನಾನು ಸೂಕ್ಷ್ಮಜೀವಿ ಪ್ರಯೋಗಾಲಯಕ್ಕೆ ಬಂದವನು. ಒಂದು ನಿರ್ದಿಷ್ಟ ಉತ್ಪರಿವರ್ತನೆ ಈ ಮೂರರಲ್ಲಿ ಯಾವುದಕ್ಕೆ ಸೇರುತ್ತದೆಂದು ನನ್ನ ಕೈಯಾರೆ ಅಳೆಯಬೇಕಾಗಿ ಬಂದ ಮೇಲೆ, ಈ ಹೆಸರುಗಳು ಉತ್ಪರಿವರ್ತನೆಯೊಂದಕ್ಕೇ ಅಂಟಿಕೊಂಡವಲ್ಲ, ಆ ಜೀವಿ ಎಲ್ಲಿ, ಯಾರ ಜೊತೆ ಬದುಕುತ್ತಿದೆ ಎಂಬುದನ್ನೂ ಸೇರಿಸಿಯೇ ಹೇಳಬೇಕಾದವು ಎಂಬುದು ಮನದಟ್ಟಾಯಿತು.

ನಾನು ಆರಿಸಿಕೊಂಡ ಜೀವಿ ಈ. ಕೋಲಿ ಬ್ಯಾಕ್ಟೀರಿಯಾ. ಅದರ ಡಿಎನ್ಎಯಲ್ಲಿ ಸುಮಾರು 46 ಲಕ್ಷ ಅಕ್ಷರಗಳಿದ್ದು, ಒಂದು ಕೋಶ ಎರಡಾಗುವಾಗ ನಕಲಿನಲ್ಲಿ ತಪ್ಪುಳಿಯುವುದು ಸಾವಿರ ವಿಭಜನೆಗಳಲ್ಲಿ ಒಂದೆರಡು ಸಲ ಮಾತ್ರ. ಆದರೆ ರಾತ್ರಿ ಕಳೆಯುವುದರೊಳಗೆ ಒಂದು ಪ್ರನಾಳದಲ್ಲಿ ನೂರಾರು ಕೋಟಿ ಕೋಶಗಳು ಬೆಳೆಯುವುದರಿಂದ ಅಪರೂಪದ ತಪ್ಪುಗಳೂ ಅಲ್ಲಿ ಸಿಕ್ಕೇ ಸಿಗುತ್ತವೆ. ರಿಫಾಂಪಿಸಿನ್ ಎಂಬ ಪ್ರತಿಜೀವಕ ಔಷಧವನ್ನು ಬೆರೆಸಿದ ಅಗಾರ್ (ಬ್ಯಾಕ್ಟೀರಿಯಾ ಬೆಳೆಸುವ ಗಟ್ಟಿ ಮಾಧ್ಯಮ) ತಟ್ಟೆಯ ಮೇಲೆ ಆ ದ್ರವವನ್ನು ಹರಡಿದರೆ ಬಹುತೇಕ ಎಲ್ಲ ಕೋಶಗಳ ಬೆಳವಣಿಗೆಯೂ ನಿಂತುಹೋಗಿ, ಮರುದಿನ ಬೆರಳೆಣಿಕೆಯಷ್ಟು ಕಾಲನಿಗಳು, ಅಂದರೆ ಒಂದೊಂದು ಕೋಶದಿಂದ ಬೆಳೆದ ಚುಕ್ಕೆಗಳು, ಕಾಣುತ್ತವೆ. ಈ ಔಷಧ ಆರ್‌ಎನ್‌ಎ ಪಾಲಿಮರೇಸ್ ಎಂಬ ಕಿಣ್ವಕ್ಕೆ ಅಂಟಿಕೊಂಡು ಅದರ ಕೆಲಸವನ್ನು ತಡೆಯುತ್ತದೆ; ಆ ಕಿಣ್ವದ ಒಂದು ಭಾಗವನ್ನು ರೂಪಿಸುವ ಆರ್‌ಪಿಒಬಿ ಜೀನ್‌ನಲ್ಲಿ ಒಂದೇ ಒಂದು ಅಕ್ಷರ ಬದಲಾದರೂ ಔಷಧಕ್ಕೆ ಹಿಡಿತ ತಪ್ಪಬಹುದು.

ಔಷಧವೇ ಈ ಬದಲಾವಣೆಯನ್ನು ಉಂಟುಮಾಡಿತೇ ಎಂಬ ಪ್ರಶ್ನೆ ಮೊದಲು ಏಳುತ್ತದೆ. 1943ರಲ್ಲಿ ವಿಜ್ಞಾನಿಗಳಾದ ಲೂರಿಯಾ ಮತ್ತು ಡೆಲ್‌ಬ್ರುಕ್ ವೈರಾಣು ನಿರೋಧದ (ಬ್ಯಾಕ್ಟೀರಿಯಾ ವೈರಾಣುವನ್ನು ತಾಳಿಕೊಂಡು ಉಳಿಯುವ) ವಿಷಯದಲ್ಲಿ ಇದಕ್ಕೆ ಕಂಡುಕೊಂಡ ಉತ್ತರವನ್ನೇ ನಾನು ರಿಫಾಂಪಿಸಿನ್ ಬಳಸಿ ಮತ್ತೆ ಮಾಡಿ ನೋಡಿದೆ. ಬೇರೆಬೇರೆ ಪ್ರನಾಳಗಳಲ್ಲಿ ಕೆಲವೇ ಕೋಶಗಳಿಂದ ಬೆಳೆಸಿ ಒಂದೊಂದನ್ನೂ ಒಂದೊಂದು ತಟ್ಟೆಗೆ ಹರಡಿದಾಗ, ಕೆಲವು ತಟ್ಟೆಗಳಲ್ಲಿ ಒಂದೂ ಕಾಲನಿ ಇರಲಿಲ್ಲ, ಮತ್ತೊಂದರಲ್ಲಿ ಎಣಿಸಿ ಮುಗಿಸಲಾಗದಷ್ಟಿದ್ದವು. ಔಷಧ ಸೋಕಿದ ಮೇಲೆ ಬದಲಾವಣೆ ಉಂಟಾಗುವುದಾಗಿದ್ದರೆ ಎಲ್ಲ ತಟ್ಟೆಗಳಲ್ಲೂ ಸಂಖ್ಯೆ ಹೆಚ್ಚುಕಡಿಮೆ ಒಂದೇ ಆಗಿರಬೇಕಿತ್ತು. ಔಷಧವನ್ನು ಕಾಣುವ ಎಷ್ಟೋ ಮೊದಲೇ, ಯಾವ ಪ್ರಯೋಜನವೂ ಇಲ್ಲದಿದ್ದಾಗಲೇ ಆ ಬದಲಾವಣೆ ಹುಟ್ಟಿ ಕುಟುಂಬ ಬೆಳೆಸಿತ್ತು.

ಹಾಗಾದರೆ ಔಷಧವಿಲ್ಲದ ಕಡೆ ಅದೇ ಉತ್ಪರಿವರ್ತನೆಯ ಬೆಲೆಯೇನು? ಇದನ್ನು ತಿಳಿಯಲು ನಿರೋಧಕ ತಳಿಯನ್ನೂ ಮೂಲ ತಳಿಯನ್ನೂ ಒಂದೇ ಪ್ರನಾಳದಲ್ಲಿ ಬೆಳೆಸಿ, ಮೊದಲ ಗಂಟೆಯಲ್ಲೊಮ್ಮೆ, ಒಂದು ದಿನದ ಬಳಿಕ ಮತ್ತೊಮ್ಮೆ ಎಣಿಸಬೇಕು. ಎರಡನ್ನೂ ಕಣ್ಣಿನಿಂದ ಗುರುತಿಸಲು ನನಗೆ ನೆರವಾದದ್ದು ತಟಸ್ಥ ಉತ್ಪರಿವರ್ತನೆಯೊಂದು. ಅರಬಿನೋಸ್ ಸಕ್ಕರೆಯನ್ನು ಬಳಸಲಾರದ ತಳಿ ಟೆಟ್ರಜೋಲಿಯಂ ಎಂಬ ಬಣ್ಣ ಸೂಚಕವನ್ನು ಬೆರೆಸಿದ ಅರಬಿನೋಸ್ ಅಗಾರ್ ಮೇಲೆ ಕೆಂಪು ಕಾಲನಿಯನ್ನೂ, ಬಳಸಬಲ್ಲ ತಳಿ ಬಿಳಿಚಿಕೊಂಡ ಕಾಲನಿಯನ್ನೂ ಕೊಡುತ್ತದೆ. ಪ್ರನಾಳದಲ್ಲಿರುವುದು ಗ್ಲೂಕೋಸ್ ಮಾತ್ರವಾದ್ದರಿಂದ ಅರಬಿನೋಸ್ ಜೀನ್ ಕೆಟ್ಟಿದ್ದರೆ ಅಲ್ಲಿ ಲಾಭವೂ ಇಲ್ಲ, ನಷ್ಟವೂ ಇಲ್ಲ. ಜೀವವಿಜ್ಞಾನಿ ರಿಚರ್ಡ್ ಲೆನ್ಸ್ಕಿ 1988ರಲ್ಲಿ ಹನ್ನೆರಡು ಬ್ಯಾಕ್ಟೀರಿಯಾ ಸಮುದಾಯಗಳೊಂದಿಗೆ ಆರಂಭಿಸಿದ ದೀರ್ಘಕಾಲದ ಪ್ರಯೋಗದಲ್ಲಿಯೂ ಇದೇ ಗುರುತನ್ನು ಬಳಸಲಾಗಿದೆ. ಯಾವ ಪರಿಣಾಮವೂ ಇಲ್ಲವೆಂದು ನಾನು ಕಡೆಗಣಿಸುತ್ತಿದ್ದ ಬಗೆಯ ಉತ್ಪರಿವರ್ತನೆಯೇ ಉಳಿದೆರಡನ್ನು ಅಳೆಯುವ ಅಳತೆಗೋಲಾಯಿತು.

ಆದರೆ ಅಳತೆಗೋಲನ್ನೂ ಪರೀಕ್ಷಿಸಿಯೇ ನಂಬಬೇಕು. ನಾನು ಮೊದಲ ಸಲ ಕೆಂಪು ಮತ್ತು ಬಿಳಿ ಮೂಲ ತಳಿಗಳನ್ನೇ ಸ್ಪರ್ಧೆಗೆ ಬಿಟ್ಟಾಗ ಬಿಳಿಯದು ಸ್ಪಷ್ಟವಾಗಿ ಮುಂದೆ ಬಂದಿತು. ಗುರುತು ತಟಸ್ಥವಲ್ಲವೇನೋ ಎಂದು ಕಳವಳಗೊಂಡು ಹುಡುಕಿದಾಗ ತಪ್ಪು ನನ್ನದೇ ಎಂದು ತಿಳಿಯಿತು: ಬಿಳಿ ತಳಿಯನ್ನು ಹಿಂದಿನ ದಿನವೇ ಆ ಗ್ಲೂಕೋಸ್ ದ್ರವಕ್ಕೆ ಒಗ್ಗಿಸಿದ್ದೆ, ಕೆಂಪು ತಳಿಯನ್ನು ಶೈತ್ಯದಿಂದ ತೆಗೆದು ಪೌಷ್ಟಿಕ ದ್ರವದಲ್ಲಿ ಬೆಳೆಸಿ ನೇರವಾಗಿ ಹಾಕಿದ್ದೆ. ಎರಡಕ್ಕೂ ಒಂದೇ ದ್ರವದಲ್ಲಿ ಒಂದು ಪೂರ್ಣ ದಿನ ಕಳೆಯಲು ಬಿಟ್ಟ ಮೇಲೆ ಆ ಅಂತರ ಕಾಣಲಿಲ್ಲ. ಅಂದಿನಿಂದ ಈ ಹೆಜ್ಜೆಯನ್ನು ನಾನೆಂದೂ ಬಿಟ್ಟಿಲ್ಲ, ಹೊಸಬರಿಗೆ ಮೊದಲು ಹೇಳುವುದೂ ಇದನ್ನೇ.

ತಟಸ್ಥ ಎಂಬ ಪದದ ಮಿತಿಯೂ ನನಗೆ ಅಲ್ಲಿಯೇ ಅರ್ಥವಾಯಿತು. ದ್ರವವನ್ನು ನೂರು ಪಟ್ಟು ತೆಳುಮಾಡಿ ಮತ್ತೆ ಬೆಳೆಯಲು ಬಿಟ್ಟರೆ ಒಂದು ದಿನದಲ್ಲಿ ಸುಮಾರು 6.6 ಪೀಳಿಗೆಗಳು ಕಳೆಯುತ್ತವೆ. ಒಂದು ತಳಿ ಶೇಕಡ 1ರಷ್ಟು ಹಿಂದೆ ಬಿದ್ದರೆ ಅಷ್ಟು ಹೊತ್ತಿನಲ್ಲಿ ಎರಡರ ಅನುಪಾತ ಬದಲಾಗುವುದು ಶೇಕಡ 5ಕ್ಕಿಂತಲೂ ಕಡಿಮೆ. ಪ್ರತಿ ಬಣ್ಣದ 200 ಕಾಲನಿಗಳನ್ನು ಎಣಿಸುವಾಗ ಆಕಸ್ಮಿಕವಾಗಿ ಉಂಟಾಗುವ ಏರುಪೇರೇ ಅದಕ್ಕಿಂತ ಹೆಚ್ಚು. ಹಾಗಾಗಿ ನನ್ನ ದಾಖಲೆ ಪುಸ್ತಕದಲ್ಲಿ ‘ತಟಸ್ಥ’ ಎಂದು ಬರೆಯುವ ಬದಲು ‘ಈ ಎಣಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ’ ಎಂದು ಬರೆಯುತ್ತೇನೆ. ನಿಸರ್ಗದ ಆಯ್ಕೆಗೂ ಇಂತಹದೇ ಮಿತಿಯುಂಟು: ಸಣ್ಣ ಸಮುದಾಯದಲ್ಲಿ ಅಲ್ಪಸ್ವಲ್ಪ ಲಾಭನಷ್ಟಗಳು ಆಕಸ್ಮಿಕದ ಏರಿಳಿತದಲ್ಲಿ ಮುಚ್ಚಿಹೋಗುತ್ತವೆ. 1968ರಲ್ಲಿ ತಳಿವಿಜ್ಞಾನಿ ಮೊಟೊ ಕಿಮುರಾ, ಅಣುಮಟ್ಟದಲ್ಲಿ ಉಳಿದುಕೊಳ್ಳುವ ಬದಲಾವಣೆಗಳಲ್ಲಿ ಹೆಚ್ಚಿನವು ತಟಸ್ಥ ಎನ್ನುವ ತಟಸ್ಥ ಸಿದ್ಧಾಂತವನ್ನು ಮಂಡಿಸಿದ ಬಳಿಕ ಅವರ ಸಹೋದ್ಯೋಗಿ ಟೊಮೊಕೊ ಓಟಾ ಅದನ್ನು ‘ಬಹುತೇಕ ತಟಸ್ಥ’ ಬದಲಾವಣೆಗಳಿಗೆ ವಿಸ್ತರಿಸಿದ್ದು ಈ ಕಾರಣಕ್ಕಾಗಿಯೇ.

ಇನ್ನು ನಿರೋಧಕ ತಳಿಗಳ ವಿಷಯ. ಔಷಧವಿಲ್ಲದ ದ್ರವದಲ್ಲಿ ಅವುಗಳಲ್ಲಿ ಹಲವು ಮೂಲ ತಳಿಗೆ ಸೋತವು, ಕೆಲವು ಬಹಳವಾಗಿ ಸೋತವು, ಒಂದು ಮಾತ್ರ ಹೆಚ್ಚುಕಡಿಮೆ ಸರಿಸಮವಾಗಿ ನಿಂತಿತು. ಎಲ್ಲವೂ ಒಂದೇ ಜೀನ್‌ನ ಬದಲಾವಣೆಗಳು, ಒಂದೇ ತಟ್ಟೆಯ ಮೇಲೆ ಉಪಕಾರಿ ಎನಿಸಿಕೊಂಡಂಥವು. ಕ್ಷಯರೋಗಿಗಳಲ್ಲಿ ಹೆಚ್ಚಾಗಿ ಕಾಣುವ ರಿಫಾಂಪಿಸಿನ್ ನಿರೋಧಕ ಬದಲಾವಣೆ, ಈ. ಕೋಲಿಯ ಎಣಿಕೆಯಂತೆ ಆ ಕಿಣ್ವದ ಭಾಗದ 531ನೇ ಸ್ಥಾನದಲ್ಲಿ ಸೆರೀನ್ ಎಂಬ ಅಮೈನೋ ಆಮ್ಲ ಹೋಗಿ ಲ್ಯೂಸಿನ್ ಎಂಬುದು ಬರುವುದು, ಬೆಳವಣಿಗೆಗೆ ತೀರ ಕಡಿಮೆ ನಷ್ಟ ಮಾಡುವಂಥದ್ದೆಂದು ಓದಿದಾಗ ನನ್ನ ಎಣಿಕೆಯ ಕೆಂಪು ಬಿಳಿ ಚುಕ್ಕೆಗಳಿಗೆ ಬೇರೆಯೇ ತೂಕ ಬಂದಿತು. ಔಷಧ ನಿಲ್ಲಿಸಿದರೆ ನಿರೋಧ ತಾನಾಗಿಯೇ ಅಳಿಯುತ್ತದೆ ಎಂಬ ಭರವಸೆ, ಯಾವ ಬದಲಾವಣೆ ಉಳಿದಿದೆ ಎಂಬುದನ್ನು ನೋಡದೆ ಇಟ್ಟುಕೊಳ್ಳುವಂಥದ್ದಲ್ಲ.

ತೀರ ನಿಧಾನವಾಗಿದ್ದ ತಳಿಯೊಂದನ್ನು ಔಷಧವಿಲ್ಲದೆ ದಿನವೂ ಹೊಸ ದ್ರವಕ್ಕೆ ವರ್ಗಾಯಿಸುತ್ತ ಹೋದೆ. ಅದು ಹಳೆಯ ಅಕ್ಷರಕ್ಕೆ ಮರಳಿ ನಿರೋಧವನ್ನು ಕಳೆದುಕೊಳ್ಳಬಹುದೆಂದು ನಿರೀಕ್ಷಿಸಿದ್ದೆ. ಕೆಲವು ವಾರಗಳ ಬಳಿಕ ಅದರ ವೇಗ ಹೆಚ್ಚಿತ್ತು, ಆದರೆ ರಿಫಾಂಪಿಸಿನ್ ತಟ್ಟೆಯ ಮೇಲೆ ಮೊದಲಿನಷ್ಟೇ ಚೆನ್ನಾಗಿ ಬೆಳೆಯುತ್ತಿತ್ತು; ನಷ್ಟವನ್ನು ತುಂಬಿಕೊಡುವ ಇನ್ನೊಂದು ಉತ್ಪರಿವರ್ತನೆ ಬೇರೆಡೆ ಸೇರಿಕೊಂಡಿರಬೇಕು. ಈ ಎರಡನೆಯದನ್ನು ಗುರುತಿಸಿ, ಅದೊಂದನ್ನೇ ಮೂಲ ತಳಿಯೊಳಗೆ ಸೇರಿಸಿ, ಅಲ್ಲಿಯೂ ಅದು ಉಪಕಾರಿಯೇ ಆಗಿರುತ್ತದೆಯೇ ಎಂದು ಮತ್ತೆ ಕೆಂಪು ಬಿಳಿ ಕಾಲನಿಗಳನ್ನು ಎಣಿಸುವ ಕೆಲಸದಲ್ಲಿ ಈಗ ನಾನಿದ್ದೇನೆ.