ಮೆಮೊರಿ ಮ್ಯಾಪಿಂಗ್ ಕೋಡ್: 32 ಬಿಟ್‌ಗೂ 64 ಬಿಟ್‌ಗೂ ಹೊಂದಿಸುವುದು ಹೇಗೆ?

ಲಿನಕ್ಸ್ ಹುಟ್ಟಿದ್ದು 1991ರಲ್ಲಿ, ಇಂಟೆಲ್‌ನ 386 ಚಿಪ್ ಮೇಲೆ. ಅದು 32 ಬಿಟ್ ಚಿಪ್. ಇವತ್ತು ಅದೇ ಕರ್ನೆಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) 64 ಬಿಟ್ ಸರ್ವರ್‌ಗಳಲ್ಲೂ ಓಡುತ್ತದೆ. ಪ್ರೊಸೆಸರ್‌ನ ವರ್ಡ್ ಸೈಜ್ (ಒಂದೇ ಸಲಕ್ಕೆ ನಿಭಾಯಿಸುವ ಬಿಟ್‌ಗಳ ಸಂಖ್ಯೆ) ಬದಲಾದಾಗ ಮೆಮೊರಿ ಮ್ಯಾಪಿಂಗ್ ಕೋಡ್, ಅಂದರೆ ಅಡ್ರೆಸ್‌ಗಳನ್ನು ಮೆಮೊರಿಯ ಅಥವಾ ಫೈಲ್‌ನ ಜಾಗಗಳಿಗೆ ಜೋಡಿಸುವ ಕೋಡ್, ಸುಲಭವಾಗಿ ಕೈಕೊಡುತ್ತದೆ. ಅಂಥ ಕೋಡ್ ನಿಮ್ಮ ಕೈಗೆ ಬಂದರೆ ಹೀಗೆ ಮಾಡಿ.

ಮೊದಲು ಅಡ್ರೆಸ್ ಮತ್ತು ಉದ್ದಗಳನ್ನು ಯಾವ ಟೈಪ್‌ನಲ್ಲಿ ಇಟ್ಟಿದ್ದಾರೆ ಎಂದು ಹುಡುಕಿ. ಇಂಟ್ (ಸಿ ಭಾಷೆಯ ಸಾಮಾನ್ಯ ಪೂರ್ಣಾಂಕ ಟೈಪ್) ಕಂಡರೆ ಅನುಮಾನ ಪಡಿ. 64 ಬಿಟ್ ಲಿನಕ್ಸ್‌ನಲ್ಲಿ ಪಾಯಿಂಟರ್ ಮತ್ತು ಲಾಂಗ್ 64 ಬಿಟ್ ಆದರೂ ಇಂಟ್ ಮಾತ್ರ 32ರಲ್ಲೇ ನಿಂತಿದೆ. ಕರ್ನೆಲ್‌ನವರು ಅಡ್ರೆಸ್‌ಗೆ ಅನ್‌ಸೈನ್ಡ್ ಲಾಂಗ್ ಬಳಸುತ್ತಾರೆ. ವಿಂಡೋಸ್‌ನಲ್ಲಿ ಲಾಂಗ್ ಕೂಡ 32 ಬಿಟ್ಟೇ. ಹಾಗಾಗಿ ಎರಡೂ ಕಡೆ ಓಡಬೇಕಾದ ಕೋಡ್‌ಗೆ ಈ ಉಪಾಯ ನಡೆಯುವುದಿಲ್ಲ, ಅಲ್ಲಿ ಪಾಯಿಂಟರ್ ಹಿಡಿಸುವಷ್ಟು ಅಗಲದ ಯುಇಂಟ್‌ಪಿಟಿಆರ್_ಟಿ (uintptr_t) ಟೈಪ್ ಹಾಕಿ.

ಈಗ ಮಾಸ್ಕ್, ಅಂದರೆ ಬೇಡದ ಬಿಟ್‌ಗಳನ್ನು ಅಳಿಸಲು ಬಳಸುವ ಸಂಖ್ಯೆ ನೋಡಿ. ಜಾಸ್ತಿ ಜನ ಬೀಳುವುದು ಇಲ್ಲೇ. ಒಂದು ಅಡ್ರೆಸ್ ಇರುವ ಪೇಜ್ (ಮೆಮೊರಿಯನ್ನು ಹಂಚುವ ತುಂಡು, ಇಲ್ಲಿ 4096 ಬೈಟ್) ಎಲ್ಲಿ ಶುರುವಾಗುತ್ತದೆ ಎಂದು ತಿಳಿಯಲು ಕೊನೆಯ 12 ಬಿಟ್ ಅಳಿಸಬೇಕು. ಅದಕ್ಕೆ 4096ರಲ್ಲಿ ಒಂದು ಕಳೆದು, ಬಿಟ್‌ಗಳನ್ನೆಲ್ಲ ತಿರುಗಿಸಿ, ಅಡ್ರೆಸ್ ಜೊತೆ ಆಂಡ್ ಮಾಡುತ್ತೇವೆ. ಆ 4096 ಅನ್‌ಸೈನ್ಡ್ ಇಂಟ್ ಆಗಿದ್ದರೆ ಮಾಸ್ಕ್ ಕೂಡ 32 ಬಿಟ್ಟೇ. ಅದನ್ನು 64ಕ್ಕೆ ಹಿಗ್ಗಿಸುವಾಗ ಮೇಲಿನ ಅರ್ಧದಲ್ಲಿ ಬರೀ ಸೊನ್ನೆ ತುಂಬುತ್ತದೆ. 5 ಜಿಬಿ ದಾಟಿ 100 ಬೈಟ್ ಆಚೆಗಿನ ಅಡ್ರೆಸ್ ಕೊಟ್ಟರೆ ಉತ್ತರ 1 ಜಿಬಿ! ಮಜಾ ಏನೆಂದರೆ, ಸುಮ್ನೆ ಇಂಟ್ ಅಂತ ಬಿಟ್ಟಿದ್ದರೆ ಸೈನ್ ಬಿಟ್ ಮೇಲಕ್ಕೂ ಹರಡಿ ಉತ್ತರ ಸರಿಯಾಗೇ ಬರುತ್ತಿತ್ತು. ಅಚ್ಚುಕಟ್ಟಾಗಿರಲಿ ಎಂದು ಅನ್‌ಸೈನ್ಡ್ ಸೇರಿಸಿದವರೇ ಸಿಕ್ಕಿಬೀಳುತ್ತಾರೆ. ಪೇಜ್ ಸೈಜನ್ನೇ ಅನ್‌ಸೈನ್ಡ್ ಲಾಂಗ್ ಮಾಡಿಬಿಡಿ, ಮುಗಿಯಿತು.

32 ಬಿಟ್‌ನಲ್ಲಿ ಇದರ ಉಲ್ಟಾ ತೊಂದರೆ. ಪಿಎಇ (32 ಬಿಟ್ ಚಿಪ್ 4 ಜಿಬಿಗಿಂತ ಜಾಸ್ತಿ ಮೆಮೊರಿ ಬಳಸಲು ಬಿಡುವ ಸೌಲಭ್ಯ) ಇರುವ ಇಂಟೆಲ್ ಚಿಪ್‌ಗಳಲ್ಲಿ ಫಿಸಿಕಲ್ ಅಡ್ರೆಸ್ (ನಿಜವಾದ ಮೆಮೊರಿಯ ಅಡ್ರೆಸ್) 36 ಬಿಟ್, ಅಂದರೆ 64 ಜಿಬಿವರೆಗೆ. ಪೇಜ್ ನಂಬರ್ 32 ಬಿಟ್‌ನಲ್ಲಿ ಆರಾಮಾಗಿ ಕೂರುತ್ತದೆ. ಅದನ್ನು 12 ಬಿಟ್ ಎಡಕ್ಕೆ ಶಿಫ್ಟ್ ಮಾಡಿದಾಗ ಮೇಲಿನ ಬಿಟ್‌ಗಳು ಬಿದ್ದುಹೋಗುತ್ತವೆ. ಪೇಜ್ ನಂಬರ್ 10,48,576 ಸರಿಯಾಗಿ 4 ಜಿಬಿಯಲ್ಲಿ ಶುರುವಾಗಬೇಕು, ನಿಮಗೆ ಸಿಗುವುದು ಸೊನ್ನೆ. ಶಿಫ್ಟ್‌ಗೆ ಮೊದಲೇ 64 ಬಿಟ್‌ನ ದೊಡ್ಡ ಟೈಪ್‌ಗೆ ಕಾಸ್ಟ್ ಮಾಡಿ, ಅಂದರೆ ಬದಲಾಯಿಸಿ. ಆಮೇಲೆ ಮಾಡಿದರೆ ಉಪಯೋಗವಿಲ್ಲ, ಬಿಟ್‌ಗಳು ಆಗಲೇ ಹೋಗಿರುತ್ತವೆ.

ಫೈಲ್ ಮ್ಯಾಪ್ ಮಾಡುವಾಗ ಆಫ್‌ಸೆಟ್ (ಫೈಲ್‌ನ ಎಷ್ಟನೇ ಜಾಗದಿಂದ ಶುರು ಎಂಬ ಸಂಖ್ಯೆ) ಕಡೆಗೂ ಗಮನ ಇರಲಿ. 32 ಬಿಟ್ ಲಿನಕ್ಸ್‌ನಲ್ಲಿ ಫೈಲ್ ಮ್ಯಾಪ್ ಮಾಡುವ ಎಂಮ್ಯಾಪ್2 ಎಂಬ ಸಿಸ್ಟಮ್ ಕಾಲ್ ಆಫ್‌ಸೆಟ್ಟನ್ನು ಬೈಟ್‌ನಲ್ಲಿ ಎಣಿಸದೆ 4096 ಬೈಟ್‌ನ ತುಂಡುಗಳಲ್ಲಿ ಎಣಿಸುತ್ತದೆ. ಹೀಗಾಗಿ 32 ಬಿಟ್ ಸಂಖ್ಯೆಯಲ್ಲೇ 16 ಟಿಬಿವರೆಗೆ ತಲುಪಬಹುದು. ಜಾಣ ಉಪಾಯ, ಅಲ್ವಾ?

ಪೇಜ್ ಸೈಜ್ 4096 ಎಂದು ಎಲ್ಲೂ ಕೆತ್ತಿಡಬೇಡಿ. 64 ಬಿಟ್ ಆರ್ಮ್‌ನಲ್ಲಿ ಅದು 4, 16 ಅಥವಾ 64 ಕೆಬಿ ಇರಬಹುದು. ಅಪ್ಲಿಕೇಶನ್ ಆದರೆ ಸಿಸ್‌ಕಾನ್ಫ್ (ಸಿಸ್ಟಮ್‌ನ ವಿವರ ಹೇಳುವ ಫಂಕ್ಷನ್) ಕೇಳಿ ತಿಳಿಯಿರಿ.

ಕೊನೆಗೆ ಟೆಸ್ಟ್. ಒಂದೇ ಕೋಡನ್ನು 32 ಮತ್ತು 64 ಎರಡಕ್ಕೂ ಕಂಪೈಲ್ ಮಾಡಿ, ಕನ್ವರ್ಶನ್ ವಾರ್ನಿಂಗ್‌ಗಳನ್ನು ಆನ್ ಮಾಡಿ. ಕ್ಯೂಎಮು ಎಂಬ ಎಮ್ಯುಲೇಟರ್‌ನಲ್ಲಿ (ಸಾಫ್ಟ್‌ವೇರ್‌ನಲ್ಲೇ ಕಟ್ಟಿದ ಕಂಪ್ಯೂಟರ್) 4 ಜಿಬಿಗಿಂತ ಜಾಸ್ತಿ ಮೆಮೊರಿ ಕೊಟ್ಟು ಓಡಿಸಿ. ಅದಕ್ಕಿಂತ ಕೆಳಗಿನ ಅಡ್ರೆಸ್‌ಗಳಲ್ಲಿ ಮೇಲೆ ಹೇಳಿದ ಎರಡೂ ತಪ್ಪು ಕಾಣಿಸುವುದೇ ಇಲ್ಲ. ಲಾಗ್‌ನಲ್ಲಿ ಅಡ್ರೆಸ್ ಅಚ್ಚು ಹಾಕಲು ಪಾಯಿಂಟರ್‌ಗೆಂದೇ ಇರುವ ಫಾರ್ಮ್ಯಾಟ್ ಬಳಸಿ. ಇಂಟ್‌ನ ಫಾರ್ಮ್ಯಾಟ್ ಹಾಕಿದರೆ ಸರಿಯಾದ ಅಡ್ರೆಸ್ ಕೂಡ ಅರ್ಧವಾಗಿ ಕಾಣುತ್ತದೆ, ನೀವು ಇಲ್ಲದ ಬಗ್ ಹುಡುಕುತ್ತಾ ಕೂರುತ್ತೀರಿ.