ಲಾಕ್ ಆದ ಯೋಜನಾ ಫೈಲನ್ನು ಮತ್ತೆ ತೆರೆಯುವುದು ಹೇಗೆ?

ಮಂಡ್ಯದ ನಾಲೆ ಕಾಮಗಾರಿಯ ಸ್ಥಳದಲ್ಲಿರುವ ಎಂಜಿನಿಯರ್ ತಮ್ಮ ಲ್ಯಾಪ್‌ಟಾಪ್‌ನಲ್ಲಿ ಕೆಲಸದ ವೇಳಾಪಟ್ಟಿಯನ್ನು ತಿದ್ದುತ್ತಿರುವಾಗಲೇ ನೆಟ್‌ವರ್ಕ್ ಕಡಿದುಹೋದರೆ, ಮೈಸೂರಿನ ಗುತ್ತಿಗೆದಾರರ ಕಚೇರಿಯಲ್ಲಿ ಅದೇ ಫೈಲನ್ನು ತೆರೆಯಹೊರಟವರಿಗೆ ಓದಲಷ್ಟೇ ಅವಕಾಶವಿದೆ ಎಂಬ ಸೂಚನೆ ಎದುರಾಗಬಹುದು. ಬಿಲ್ ಸಲ್ಲಿಸಬೇಕಾದ ದಿನವೇ ಹೀಗಾದರೆ ಆತಂಕವಾಗುವುದು ಸಹಜ. ಆದರೆ ಆ ಲಾಕ್ ಕಾಯುತ್ತಿರುವುದು ಸಹೋದ್ಯೋಗಿ ಇನ್ನೂ ಸೇವ್ ಮಾಡದ ಕೆಲಸವನ್ನು. ಆದ್ದರಿಂದ ಅದನ್ನು ಬಲವಂತವಾಗಿ ತೆಗೆಯುವುದು ಕೊನೆಯ ಉಪಾಯವಾಗಿರಬೇಕು.

ಮೊದಲು ಲಾಕ್ ಯಾವ ಬಗೆಯದೆಂದು ತಿಳಿದುಕೊಳ್ಳಿ. ಫೈಲ್ ತೆರೆದಾಗ ತಾನಾಗಿಯೇ ಬೀಳುವ ಲಾಕ್ ಒಂದು. ಶೇರ್‌ಪಾಯಿಂಟ್‌ನಲ್ಲಿ (ಕಚೇರಿಯ ಫೈಲುಗಳನ್ನು ಇಟ್ಟು ಹಂಚಿಕೊಳ್ಳುವ ಮೈಕ್ರೋಸಾಫ್ಟ್‌ನ ವ್ಯವಸ್ಥೆ) ಇರುವ ವರ್ಡ್, ಎಕ್ಸೆಲ್ ಫೈಲುಗಳಲ್ಲಿ ಇದು, ತೆರೆದವರ ಕಂಪ್ಯೂಟರ್ ಹಠಾತ್ತನೆ ನಿಂತುಹೋದರೂ, ಸಾಮಾನ್ಯವಾಗಿ 10 ನಿಮಿಷಗಳಲ್ಲಿ ಬಿಡುಗಡೆಯಾಗುತ್ತದೆ. ಹಾಗಾಗಿ ಸ್ವಲ್ಪ ಕಾದು ನೋಡುವುದೇ ಇಲ್ಲಿ ಉತ್ತಮ. ಇನ್ನೊಂದು, ಬಳಕೆದಾರರೇ ಚೆಕ್ ಔಟ್ ಮಾಡಿ, ಅಂದರೆ ಬೇರೆಯವರು ತಿದ್ದದಂತೆ ಫೈಲನ್ನು ತಮ್ಮ ಹೆಸರಿಗೆ ಕಾಯ್ದಿರಿಸಿ, ಹಾಕಿಕೊಂಡದ್ದು; ಅವರು ಚೆಕ್ ಇನ್ ಮಾಡುವವರೆಗೆ, ಅಂದರೆ ತಿದ್ದಿದ ಫೈಲನ್ನು ಎಲ್ಲರಿಗೂ ಮರಳಿ ಬಿಟ್ಟುಕೊಡುವವರೆಗೆ, ಅದು ವಾರಗಟ್ಟಲೆಯಾದರೂ ಹಾಗೆಯೇ ಇರುತ್ತದೆ.

ಫೈಲು ಕಚೇರಿಯ ಸರ್ವರ್‌ನ ಹಂಚಿಕೆಯ ಫೋಲ್ಡರ್‌ನಲ್ಲಿದ್ದರೆ, ವಿಂಡೋಸ್‌ನ ಕಂಪ್ಯೂಟರ್ ಮ್ಯಾನೇಜ್‌ಮೆಂಟ್‌ನಲ್ಲಿ ಶೇರ್ಡ್ ಫೋಲ್ಡರ್ಸ್, ಅದರೊಳಗೆ ಓಪನ್ ಫೈಲ್ಸ್ ಎಂಬಲ್ಲಿ ಅದನ್ನು ಯಾರು ತೆರೆದಿದ್ದಾರೆಂದು ಅಡ್ಮಿನ್ ನೋಡಬಹುದು ಮತ್ತು ಅಲ್ಲಿಂದಲೇ ಮುಚ್ಚಬಹುದು. ವರ್ಡ್ ಅಥವಾ ಎಕ್ಸೆಲ್ ಫೈಲಾದರೆ ಪಕ್ಕದಲ್ಲೇ ~$ ಚಿಹ್ನೆಯಿಂದ ಆರಂಭವಾಗುವ ಅಡಗಿದ ಸಣ್ಣ ಫೈಲೊಂದು ಉಳಿದಿರುತ್ತದೆ. ಮೂಲ ಫೈಲನ್ನು ಯಾರೂ ತೆರೆದಿಲ್ಲವೆಂದು ಖಚಿತವಾದ ಮೇಲಷ್ಟೇ ಆ ಸಣ್ಣ ಫೈಲನ್ನು ಅಳಿಸಿ.

ಶೇರ್‌ಪಾಯಿಂಟ್‌ನಲ್ಲಾದರೆ ಚೆಕ್ ಔಟ್ ಮಾಡಿದವರ ಹೆಸರನ್ನು ತೋರಿಸುವ ಕಾಲಂ ಸೇರಿಸಿಕೊಂಡು ನೋಡಿ, ಅವರಿಗೇ ಫೋನ್ ಮಾಡಿ ಚೆಕ್ ಇನ್ ಮಾಡಲು ಹೇಳಿ. ಅವರು ದೀರ್ಘ ರಜೆಯಲ್ಲಿದ್ದರೆ ಅಥವಾ ಕೆಲಸ ಬಿಟ್ಟಿದ್ದರೆ, ಸೂಕ್ತ ಅನುಮತಿಯುಳ್ಳ ಅಡ್ಮಿನ್ ಚೆಕ್ ಔಟನ್ನು ರದ್ದುಪಡಿಸಬಹುದು. ಆದರೆ ಇಲ್ಲಿ ಬಹಳ ಎಚ್ಚರ ಬೇಕು: ರದ್ದಾದೊಡನೆ ಚೆಕ್ ಔಟ್‌ನ ನಂತರದ ತಿದ್ದುಪಡಿಗಳೆಲ್ಲ ಹೋಗಿ, ಹಿಂದೆ ಚೆಕ್ ಇನ್ ಆಗಿದ್ದ ಪ್ರತಿಯೇ ಉಳಿಯುತ್ತದೆ. ನೀವು ಮುನ್ನೆಚ್ಚರಿಕೆಯೆಂದು ಇಳಿಸಿಟ್ಟುಕೊಂಡ ಪ್ರತಿಯಲ್ಲೂ ಆ ತಿದ್ದುಪಡಿಗಳಿರುವುದಿಲ್ಲ. ಆದ್ದರಿಂದ ಕೆಲಸ ಬಿಟ್ಟವರ ಲ್ಯಾಪ್‌ಟಾಪನ್ನು ಪರಿಶೀಲಿಸದೆ ಫಾರ್ಮ್ಯಾಟ್ ಮಾಡಿಸಬಾರದು. ಒಮ್ಮೆಯೂ ಚೆಕ್ ಇನ್ ಆಗದ ಹೊಸ ಫೈಲು ಉಳಿದವರಿಗೆ ಕಾಣಿಸುವುದೇ ಇಲ್ಲ. ಅದನ್ನು ಅಡ್ಮಿನ್ ಲೈಬ್ರರಿಯ (ಶೇರ್‌ಪಾಯಿಂಟ್‌ನಲ್ಲಿ ಫೈಲುಗಳಿರುವ ಸಂಗ್ರಹ) ಸೆಟ್ಟಿಂಗ್ಸ್‌ನಿಂದ ತಮ್ಮ ವಶಕ್ಕೆ ಪಡೆಯಬಹುದು.

ಯೋಜನೆಗಳನ್ನು ಬ್ರೌಸರ್‌ನಲ್ಲೇ ನಿರ್ವಹಿಸುವ ಮೈಕ್ರೋಸಾಫ್ಟ್‌ನ ಪ್ರಾಜೆಕ್ಟ್ ವೆಬ್ ಆ್ಯಪ್ ಬಳಸುವವರು ಪ್ರಾಜೆಕ್ಟ್ ಸೆಂಟರ್‌ನಲ್ಲಿ ತಮ್ಮ ಹೆಸರಿನಲ್ಲೇ ಸಿಕ್ಕಿಕೊಂಡ ಯೋಜನೆಗಳನ್ನು ತಾವೇ ಚೆಕ್ ಇನ್ ಮಾಡಬಹುದು. ಬೇರೆಯವರದ್ದಾದರೆ ಸೆಟ್ಟಿಂಗ್ಸ್‌ನಲ್ಲಿರುವ ಫೋರ್ಸ್ ಚೆಕ್ ಇನ್ ಸೌಲಭ್ಯವನ್ನು ಅಡ್ಮಿನ್ ಬಳಸಬೇಕಾಗುತ್ತದೆ.

ಲಾಕ್ ಬಿಡಿಸಲು ಸಮಯವಿಲ್ಲವೆಂದು ಬೇರೆ ಹೆಸರಿನಲ್ಲಿ ಪ್ರತಿ ಮಾಡಿಕೊಂಡು ತಿದ್ದುವ ಅಭ್ಯಾಸವನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಸಂಜೆಯ ಹೊತ್ತಿಗೆ ಎರಡು ವೇಳಾಪಟ್ಟಿಗಳು ಹುಟ್ಟಿ, ಯಾವುದು ಸರಿ ಎಂಬುದೇ ಹೊಸ ತಕರಾರಾಗುತ್ತದೆ. ಅನಿವಾರ್ಯವಾದರೆ ಫೈಲಿನ ಹೆಸರಿಗೆ ದಿನಾಂಕವನ್ನೂ ತಿದ್ದಿದವರ ಹೆಸರನ್ನೂ ಸೇರಿಸಿ, ಎರಡನ್ನೂ ಒಂದುಗೂಡಿಸುವ ಹೊಣೆಯನ್ನು ಒಬ್ಬರಿಗೇ ವಹಿಸಿ. ಹಲವರು ಏಕಕಾಲಕ್ಕೆ ತಿದ್ದಬೇಕಾದ ವರ್ಡ್, ಎಕ್ಸೆಲ್ ಫೈಲುಗಳಿರುವ ಲೈಬ್ರರಿಯಲ್ಲಿ ಚೆಕ್ ಔಟ್ ಕಡ್ಡಾಯವಾಗಿದ್ದರೆ, ಆ ನಿಯಮವನ್ನು ತೆಗೆಸಲು ಅಡ್ಮಿನ್‌ಗೆ ಹೇಳಿ. ಅದು ಇರುವವರೆಗೆ ಜೊತೆಯಾಗಿ ತಿದ್ದುವ ಸೌಲಭ್ಯ ಕೆಲಸ ಮಾಡುವುದಿಲ್ಲ.