ಸಿಗ್ನಲ್‌ನಲ್ಲಿ ಬಿಪಿ ಏರುತ್ತಿದ್ದರೆ ಹೀಗೆ ಮಾಡಿ ನೋಡಿ

ಬೆಳಗ್ಗೆ ಪಾರ್ಕಿನಲ್ಲಿ ಕೈ ಮೇಲೆತ್ತಿ "ಹೋ ಹೋ, ಹಾ ಹಾ" ಅನ್ನುವವರನ್ನು ಕಂಡು ಮೂಗು ಮುರಿದವರಲ್ಲಿ ನಾನೂ ಒಬ್ಬ. 1995ರಲ್ಲಿ ಮುಂಬೈಯ ಡಾ. ಮದನ್ ಕಟಾರಿಯಾ ಐದೇ ಜನರನ್ನು ಕಟ್ಟಿಕೊಂಡು ಶುರು ಮಾಡಿದ ನಗೆಕೂಟ ಅದು. ಅಷ್ಟು ಜೋರು ನಗು ನನಗಂತೂ ಒಗ್ಗಲಿಲ್ಲ. ಮುಗುಳ್ನಗೆ ಒಗ್ಗಿತು.

2012ರಲ್ಲಿ ಅಮೆರಿಕದ ಕನ್ಸಾಸ್ ವಿಶ್ವವಿದ್ಯಾಲಯದವರು ಒಂದು ತಮಾಷೆಯ ಪ್ರಯೋಗ ಮಾಡಿದ್ದರು. ಜನರ ಬಾಯಿಗೆ ಚಾಪ್‌ಸ್ಟಿಕ್ ಕೊಟ್ಟು, ನಗುವಿನ ಆಕಾರ ಬರುವಂತೆ ಹಲ್ಲಲ್ಲಿ ಕಚ್ಚಿಸಿ, ಕೈಯನ್ನು ಐಸ್ ನೀರಿನಲ್ಲಿ ಇಡಿಸಿದರು. ಆಮೇಲೆ ಸುಧಾರಿಸಿಕೊಳ್ಳುವ ಹೊತ್ತಿಗೆ ನಗುಮುಖದವರ ಎದೆಬಡಿತ ಉಳಿದವರಿಗಿಂತ ಕಡಿಮೆ ಇತ್ತು. ಕೆಲವರಿಗೆ ತಾವು ನಗುತ್ತಿದ್ದೇವೆ ಅನ್ನುವುದೇ ಗೊತ್ತಿರಲಿಲ್ಲ ಪಾಪ!

ಮಾಡುವುದು ಸುಲಭ. ಸಿಗ್ನಲ್‌ನಲ್ಲೋ ಬ್ಯಾಂಕಿನ ಕ್ಯೂನಲ್ಲೋ ಸಿಟ್ಟು ಏರುತ್ತಿದೆ ಅನಿಸಿದಾಗ ಮೊದಲು ಬಿಗಿಹಿಡಿದ ದವಡೆ ಸಡಿಲ ಬಿಡಿ. ತುಟಿಯ ಅಂಚು ಮೇಲಕ್ಕೆ, ಕೆನ್ನೆ ಉಬ್ಬಿ ಕಣ್ಣಂಚಿನಲ್ಲಿ ಸುಕ್ಕು ಬೀಳಬೇಕು. ಕಣ್ಣು ಸೇರದ ನಗು ಫೋಟೋದ ನಗು ಅಷ್ಟೇ. 19ನೇ ಶತಮಾನದಲ್ಲೇ ಫ್ರಾನ್ಸಿನ ವೈದ್ಯ ಡುಶೆನ್ ಈ ವ್ಯತ್ಯಾಸ ಗುರುತಿಸಿದ್ದ. ನಿಧಾನವಾಗಿ ಉಸಿರು ಬಿಡುತ್ತಾ ಅರ್ಧ ನಿಮಿಷ ಹಾಗೇ ಇರಿ. ಹೆಲ್ಮೆಟ್ ಇದ್ದರೆ ಇನ್ನೂ ಅನುಕೂಲ, ಯಾರೂ ನೋಡುವುದಿಲ್ಲ.

ಪರಿಣಾಮ ಸಣ್ಣದು, ಬಿಪಿ ಮಾತ್ರೆ ಬಿಡಬೇಡಿ. ದುಃಖದಲ್ಲಿರುವವರಿಗೆ "ಸ್ವಲ್ಪ ನಗ್ರೀ" ಅಂತ ಉಪದೇಶ ಮಾಡಲೂ ಹೋಗಬೇಡಿ, ಅವರು ಅಳಲಿ. ನಿಮ್ಮಲ್ಲಿ ಯಾರಾದರೂ ಇದನ್ನು ಮಾಡಿ ನೋಡಿದ್ದರೆ ಹೇಳಿ.